ಹೌದು, ಇನ್ನೂ ಕೋಡ್ ಬರೀತೀನಿ

"ಸಾಫ್ಟ್‌ವೇರ್ ಆರ್ಕಿಟೆಕ್ಟ್ ಆದಮೇಲೂ ಇನ್ನೂ ಕೋಡ್ ಬರೀತೀಯಾ?"

ಮದುವೆ ಮನೆಯಲ್ಲಿ ಕೇಳಿದ್ದಾರೆ, ಸೋಮವಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಇಂಟರ್‌ವ್ಯೂನಲ್ಲೂ ಕೇಳಿದ್ದಾರೆ. ನನಗೆ ಸಿಟ್ಟು ಬರುವುದು ಆ "ಇನ್ನೂ"ಗೆ. "ಇನ್ನೂ ಮದ್ವೆ ಆಗಿಲ್ವಾ?" ಅನ್ನುವ ಅದೇ ರಾಗ. ಪಾಪ, 16 ವರ್ಷ ದುಡಿದರೂ ಹುಡುಗ ಮೇಲೆ ಬರಲಿಲ್ಲ ಅನ್ನುವ ಕನಿಕರ ಬೇರೆ.

ಬರೀತೀನಿ. ಬರೆಯದೆ ಇದ್ದೂ ನೋಡಿದ್ದೇನೆ, ಅದಕ್ಕೇ.

ಕೆಲವು ವರ್ಷದ ಹಿಂದೆ, ಸುಮಾರು ಒಂದೂವರೆ ವರ್ಷ ನಾನು ಬರೀ ಚಿತ್ರ ಬಿಡಿಸಿದೆ. ಚೌಕ, ಬಾಣ, ಮತ್ತೆ ಚೌಕ. ಬಿಲ್ಲಿಂಗ್ ಸಿಸ್ಟಮ್ ಅನ್ನು 7 ಸರ್ವಿಸ್ ಆಗಿ, ಅಂದರೆ ಬೇರೆ ಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಂಗಳಾಗಿ ಒಡೆದೆ. ಚಿತ್ರದಲ್ಲಿ ನೋಡೋಕೆ ಏನು ಚಂದ! ಒಂದು ಶುಕ್ರವಾರ ನಮ್ಮ ಟೀಮಿನ ಹುಡುಗಿ ರಜೆಯಲ್ಲಿದ್ದಳು. ಬಿಲ್ಲಿನಲ್ಲಿ ಗ್ರಾಹಕರ ಜಿಎಸ್‌ಟಿ ನಂಬರ್ ಬರಬೇಕಿತ್ತು. ಒಂದೇ ಒಂದು ಫೀಲ್ಡ್. ಅರ್ಧ ಗಂಟೆ ಸಾಕು ಅಂತ ನಾನೇ ಕೂತೆ.

4 ರೆಪೊ (ಕೋಡ್ ಇಡುವ ಉಗ್ರಾಣ), 11 ಫೈಲು. ಒಂದು ಸರ್ವಿಸ್ ಮೊದಲು ಡಿಪ್ಲಾಯ್ ಆಗಿ ಬಳಕೆಗೆ ಹೋದರೆ ಇನ್ನೊಂದು ಮಗುಚಿಕೊಳ್ಳುತ್ತಿತ್ತು. ರಾತ್ರಿ ಹನ್ನೊಂದಾಯ್ತು. ಹೊರಗೆ ಮಳೆ, ಕರೆಂಟ್ ಇಲ್ಲ, ಇನ್ವರ್ಟರ್ ಕುಂಯ್ ಅನ್ನುತ್ತಿದೆ. ಆಗ ಗೊತ್ತಾಯ್ತು, ಸರ್ವಿಸ್ ಏಳಾಗಿದ್ದು ನನ್ನ ಚಿತ್ರದಲ್ಲಿ ಮಾತ್ರ. ಒಳಗೆ ಎಲ್ಲವೂ ಅಂಟಿಕೊಂಡೇ ಇದ್ದವು. ಮೊದಲು ನೇರವಾಗಿ ಒಂದು ಇನ್ನೊಂದರ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಕಾಲ್ ಮಾಡುತ್ತಿದ್ದವು, ಈಗ ನೆಟ್‌ವರ್ಕ್ ಸುತ್ತಿ ಬಂದು ಕಾಲ್ ಮಾಡುತ್ತಿದ್ದವು. ಅಷ್ಟೇ.

ಸೋಮವಾರ ಅವಳನ್ನು ಕೇಳಿದೆ, "ಇದನ್ನ ಯಾಕಮ್ಮ ಹೇಳಲಿಲ್ಲ?"

"ಎಸ್ಟಿಮೇಟ್ ಜಾಸ್ತಿ ಆಯ್ತು ಅಂತ ನೀವು ಅಂದಾಗಲೆಲ್ಲ ಹೇಳಿದ್ದೆ, ಸರ್."

ಅದನ್ನೆಲ್ಲ ನೋಡೋಕೆ ಟೂಲ್ ಇದೆಯಲ್ಲ ಅನ್ನುತ್ತಾರೆ. ಇದೆ. ಕೋಡಿನ ತೊಡಕು ಅಳೆಯೋಕೆ ಥಾಮಸ್ ಮೆಕೇಬ್ ಅನ್ನುವವರು 1976ರಲ್ಲೇ ಒಂದು ಲೆಕ್ಕ ಕೊಟ್ಟರು: ಫಂಕ್ಷನ್ನಿನಲ್ಲಿ ದಾರಿ ಕವಲೊಡೆಯುವ ಜಾಗಗಳನ್ನು ಎಣಿಸಿ, ಒಂದು ಸೇರಿಸಿ, 10 ದಾಟಿದರೆ ಎಚ್ಚರ. ನಮ್ಮ 11 ಫೈಲಿನಲ್ಲಿ ಒಂದು ಫಂಕ್ಷನ್ನೂ 10 ದಾಟಿರಲಿಲ್ಲ. ಒಂದೊಂದೂ ಸಾಧು ಪ್ರಾಣಿ. ತೊಡಕು ಇದ್ದದ್ದು ಅವುಗಳ ನಡುವೆ. ನಾನೀಗ ಗಿಟ್ ಲಾಗ್, ಅಂದರೆ ಕೋಡಿನಲ್ಲಿ ಆದ ಬದಲಾವಣೆಗಳ ದಾಖಲೆ, ನೋಡುತ್ತೇನೆ. ಒಂದೇ ಕೆಲಸದ ಟಿಕೆಟ್ ನಂಬರಿಗೆ ಮತ್ತೆ ಮತ್ತೆ ಅದೇ ನಾಲ್ಕು ರೆಪೊದಲ್ಲಿ ಕಮಿಟ್ (ದಾಖಲಾದ ಬದಲಾವಣೆ) ಕಂಡರೆ, ಹೆಸರು ಏನೇ ಇರಲಿ, ಅವು ಬೇರೆ ಬೇರೆ ಸರ್ವಿಸ್ ಅಲ್ಲ. ಆದರೆ ಹಾಗೆ ನೋಡಬೇಕು ಅಂತ ಹೊಳೆಯೋಕೂ ಆ ಶುಕ್ರವಾರ ಬೇಕಾಯ್ತು.

ಮುಂದಿನ ಏಪ್ರಿಲ್‌ನಲ್ಲಿ ದೊಡ್ಡಪ್ಪನೂ ಇದೇ ಪ್ರಶ್ನೆ ತೆಗೆದರು. ಅರೇಬಿಕಾ ಕಾಫಿ ತೋಟದಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಹುಡುಕುತ್ತಿದ್ದರು. ಗಿಡದ ಕಾಂಡದ ಮೇಲೆ ಹೆಬ್ಬೆರಳು ಆಡಿಸುತ್ತಾ ಬುಡದವರೆಗೆ ಬರುವುದು, ತೊಗಟೆ ಉಬ್ಬಿದ ಕಡೆ ನಿಲ್ಲುವುದು. ಹುಳು ಇದ್ದರೆ ಗಿಡ ಕಿತ್ತು ಸುಡಬೇಕು. ಕೂತಲ್ಲಿಂದಲೇ ಕೇಳಿದರು, "ಇನ್ನೂ ನೀನೇ ಬರೀತೀಯಾ? ಕೈಕೆಳಗೆ ಜನ ಇಲ್ವಾ?"

"ತೋಟದ ಕೆಲಸ ನೋಡಿಕೊಳ್ಳೋಕೆ ನಿಮಗೆ ರೈಟರ್ ಇದ್ದಾರಲ್ಲ ದೊಡ್ಡಪ್ಪ?"

"ಅವನಿಗೆ ಉಬ್ಬು ಗೊತ್ತಾಗಲ್ಲ ಮಾರಾಯ." ಎರಡು ಗಿಡ ಮುಂದೆ ಹೋಗಿ, "ಸರಿ, ಏನು ಬರೀತೀಯ?" ಅಂದರು.

ನೋಡಿ, ಇದು ಪ್ರಶ್ನೆ. ಇಷ್ಟು ವರ್ಷದಲ್ಲಿ ಬೇರೆ ಯಾರೂ ಕೇಳಿರಲಿಲ್ಲ.

ಎಲ್ಲರೂ ಕಾಯುತ್ತಿರುವ ಮುಖ್ಯ ಫೀಚರ್ ಮಾತ್ರ ನಾನು ಮುಟ್ಟಲ್ಲ. ಒಮ್ಮೆ ಮುಟ್ಟಿ, ದಿನವಿಡೀ ಮೀಟಿಂಗಿನಲ್ಲಿ ಕೂತು, ರಿಲೀಸ್ ಎರಡು ವಾರ ತಡ ಮಾಡಿದ್ದೇನೆ. ಬೈಯುವ ಧೈರ್ಯ ಯಾರಿಗೂ ಇರಲಿಲ್ಲ, ಅದು ಇನ್ನೂ ಕೆಟ್ಟದ್ದು. ಈಗ ತೆಗೆದುಕೊಳ್ಳುವುದು ಯಾರಿಗೂ ಬೇಡದ ಕೆಲಸ: ಒಮ್ಮೆ ಪಾಸ್ ಆಗಿ ಒಮ್ಮೆ ಫೇಲ್ ಆಗುವ ಟೆಸ್ಟು, ನಿಧಾನವಾದ ಬಿಲ್ಡು, ಗ್ರಾಹಕರ ಸಣ್ಣ ಬಗ್ಗು. ಬಗ್ ಹಿಂದೆ ಹೋದರೆ ಕೋಡ್ ತಾನಾಗಿ ಓದಿಸಿಕೊಳ್ಳುತ್ತೆ. ಆಮೇಲೆ ಅಳಿಸುವುದು. ಬರೆಯುವುದಕ್ಕಿಂತ ನಾನು ಅಳಿಸುವುದೇ ಜಾಸ್ತಿ.

ಇಷ್ಟೆಲ್ಲ ದೊಡ್ಡಪ್ಪನಿಗೆ ಹೇಳಲಿಲ್ಲ. "ಈ ಸಲ ಮೂರು ಸರ್ವಿಸ್ ಸೇರಿಸಿ ಮತ್ತೆ ಒಂದು ಮಾಡಿದೆ" ಅಂದೆ.

"ಒಡೆದಿದ್ದು ಯಾರು?"

"ನಾನೇ."

ಅವರು ಕಾಂಡದಿಂದ ಕೈ ತೆಗೆದು ನನ್ನನ್ನು ನೋಡಿದರು. "ಎರಡಕ್ಕೂ ಸಂಬಳ ಕೊಟ್ರಾ?"

ಕೊಟ್ರು ಅಂದೆ.