ಕೆಂಪು ದೀಪ ಹತ್ತಿಸಿದ ಗಾಂಧಾರ

ಐದನೇ ತರಗತಿಯ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಅಪ್ಪನ ಫೋನಿಗೆ ಟ್ಯೂನರ್ ಆ್ಯಪ್ ಹಾಕಿಸಿಕೊಂಡು ದಿನವೂ ಹಾಡಿಕೊಂಡಿದ್ದಳು. ಸ್ವರ ಸರಿಯಾಗಿ ನಿಂತರೆ ಹಸಿರು, ತಪ್ಪಿದರೆ ಕೆಂಪು. ಶಾಲೆ ಶುರುವಾದ ಮೇಲೆ ನೋಡಿದರೆ ಅವಳ ಷಡ್ಜ (ಸ) ಮೊದಲಿಗಿಂತ ಗಟ್ಟಿಯಾಗಿತ್ತು, ಪಂಚಮವೂ (ಪ) ಅಷ್ಟೇ. ಆದರೆ ಸರಳೆ ವರಸೆಯಲ್ಲಿ, ಅಂದರೆ ಮೊದಮೊದಲ ಸ್ವರಪಾಠದಲ್ಲಿ, ಗಾಂಧಾರ (ಗ) ಬಂದಾಗಲೆಲ್ಲ ಧ್ವನಿಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ತಳ್ಳುತ್ತಿದ್ದಳು. ತಂಬೂರಿ ಮೀಟುತ್ತಾ ಕೂತ ನನಗೆ ಅದು ಚುಚ್ಚುತ್ತಿತ್ತು. "ಸ್ವಲ್ಪ ಇಳಿಸು" ಎಂದರೆ ಇಳಿಸುತ್ತಾಳೆ, ತಂಬೂರಿಯೊಳಗೆ ಸೇರಿಕೊಳ್ಳುತ್ತದೆ. ಮುಂದಿನ ಆವರ್ತಕ್ಕೆ ಮತ್ತೆ ಮೇಲೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಟೀಚರ್, ಕೆಳಗೆ ಹಾಡಿದ್ರೆ ಕೆಂಪು ಬರ್ತದೆ" ಅಂದಳು.

ಅವಳು ಹೇಳಿದ್ದು ನಿಜ. ನನ್ನ ಫೋನಿನಲ್ಲೂ ಅಂಥದ್ದೇ ಆ್ಯಪ್ ಹಾಕಿ ನೋಡಿದೆ. ತಂಬೂರಿಗೆ ಕೂಡುವ ಗಾಂಧಾರ ಹಾಡಿದರೆ ಮುಳ್ಳು ನಡುಗೆರೆಗಿಂತ ಎಡಕ್ಕೆ, ಕೆಂಪು ದೀಪ. ದೀಪ ಹಸಿರಾಗುವಂತೆ ಹಾಡಿದರೆ ತಂಬೂರಿಗೆ ಕೂಡುವುದಿಲ್ಲ. ಹತ್ತು ವರ್ಷದ ಮಗುವಿಗೆ ಕಿವಿಗಿಂತ ದೀಪ ಹೆಚ್ಚು ನಂಬಿಕೆಯದಾಗಿ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಟೀಚರ್ ಹೇಳಿದರು ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪುವುದೂ ನನಗೆ ಬೇಕಿರಲಿಲ್ಲ. ಅವಳ ಕಿವಿಯೇ ಒಪ್ಪಬೇಕಿತ್ತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿ ಶಾಲೆ. ಸ್ಮಾರ್ಟ್ ಕ್ಲಾಸ್ ಟಿವಿ ವಾರವಿಡೀ ಗಣಿತ, ವಿಜ್ಞಾನಕ್ಕೆ ಮೀಸಲು, ಸಂಗೀತಕ್ಕೆ ಸಿಗುವುದು ಶನಿವಾರದ ಬೆಳಗಿನ ಶಾಲೆಯಲ್ಲಿ. ಆ ಶನಿವಾರ ಮಳೆ ಹೊಳವಾಗಿತ್ತು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಮೈಕ್ ಇಟ್ಟು ಮಾಡುವ ಯಾವ ಕೆಲಸವೂ ಆಗುವುದಿಲ್ಲ, ಹಾಗಾಗಿ ಅವತ್ತೇ ಮಾಡಿಬಿಡೋಣ ಅಂದುಕೊಂಡೆ. ತಂಬೂರಿಯನ್ನು ಆರು ಮನೆ ಶ್ರುತಿಗೆ (ಹಾರ್ಮೋನಿಯಂನ ಆರನೆಯ ಬಿಳಿ ಮನೆ) ಕೂಡಿಸಿ, ಟಿವಿಯಲ್ಲಿ ಗೂಗಲ್‌ನ ಕ್ರೋಮ್ ಮ್ಯೂಸಿಕ್ ಲ್ಯಾಬ್ ತೆರೆದೆ. 2016ರಿಂದ ಇರುವ ಈ ತಾಣದಲ್ಲಿ ಸ್ಪೆಕ್ಟ್ರೋಗ್ರಾಮ್ ಎಂಬ ಪುಟವಿದೆ. ಮೈಕಿಗೆ ಬಿದ್ದ ಸದ್ದೆಲ್ಲ ಪರದೆಯ ಮೇಲೆ ಬಣ್ಣದ ಗೆರೆಗಳಾಗಿ ಹರಿಯುತ್ತದೆ. ಸ್ವರ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಹಸಿರು ಕೆಂಪಿನ ತೀರ್ಪು ಇಲ್ಲ, ಅಂಕ ಇಲ್ಲ. ಮಕ್ಕಳ ಮುಂದೆ ನಾನು ಇದನ್ನು ಧೈರ್ಯವಾಗಿ ಇಡುವುದು ಅದಕ್ಕೇ.

ಮೊದಲು ಎಲ್ಲರೂ ಕೂಗಿದರು. ಕೂಗಲಿ ಎಂದು ಬಿಟ್ಟೆ. ಶಿಳ್ಳೆ ಹಾಕಿದವನದು ಒಂದೇ ತೆಳು ಗೆರೆ, ಬಾಯ್ತುಂಬಾ 'ಆ' ಎಂದು ಹಾಡಿದವಳದು ಒಂದರ ಮೇಲೊಂದು ಹಲವು ಗೆರೆ. ಕಿಟಕಿ ಪಕ್ಕದ ಹುಡುಗನೊಬ್ಬ ಎಲ್ಲ ಹಾಡನ್ನೂ ಒಂದೇ ತಗ್ಗು ಸ್ವರದಲ್ಲಿ ಗುನುಗುವವನು. ಸ್ವರ ಏರಿಸು ಎಂದರೆ ಸದ್ದು ಜೋರು ಮಾಡುತ್ತಾನೆ. ಅವತ್ತು ಬಸ್ಸಿನ ಹಾರ್ನ್ ಅನುಕರಿಸಿ ಧ್ವನಿ ಎಳೆದ. "ಇಲ್ನೋಡಿ ಟೀಚರ್, ನನ್ ಗೆರೆ ಮೇಲ್ ಹೋಯ್ತು!" ಜೋರು ಮಾಡುವುದು ಬೇರೆ, ಏರಿಸುವುದು ಬೇರೆ ಎಂದು ಬಾಯಲ್ಲಿ ಎಷ್ಟು ಹೇಳಿದರೂ ಮುಟ್ಟದಿದ್ದದ್ದು ಅವನಿಗೆ ಆ ಗೆರೆಯಲ್ಲಿ ಮುಟ್ಟಿತು. ಅವನಿನ್ನೂ ಶ್ರುತಿಗೆ ಸೇರಿ ಹಾಡುವುದಿಲ್ಲ. ಆದರೆ ಎಲ್ಲಿಗೆ ಏರಬೇಕು ಎಂದು ಹುಡುಕುತ್ತಾನೆ, ಮೊದಲು ಹುಡುಕುತ್ತಿರಲಿಲ್ಲ.

ಆಮೇಲೆ ಎಲ್ಲರನ್ನೂ ಸುಮ್ಮನಾಗಿಸಿ ತಂಬೂರಿಯ ಮಂದ್ರ ಷಡ್ಜದ (ತಗ್ಗಿನ ಸ) ತಂತಿಯೊಂದನ್ನೇ ಮೀಟಿದೆ. ಮೀಟಿದ್ದು ಒಂದೇ ತಂತಿ, ಪರದೆಯಲ್ಲಿ ಎದ್ದದ್ದು ಗೆರೆಗಳ ಏಣಿ. ಒಂದು ತಂತಿಗೆ ಇಷ್ಟು ಗೆರೆ ಯಾಕೆ ಎಂದು ಕೇಳಿದರು. ಕಪ್ಪು ಹಲಗೆಯ ಮೇಲೆ ಬರೆದೆ: ಈ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ, ಅದರೊಳಗೇ 220, 330, 440, 550 ಕಂಪನಗಳೂ ಇರುತ್ತವೆ. "110ರ ಮಗ್ಗಿ!" ಅಂತ ಮುಂದಿನ ಸಾಲಿನಿಂದ ಯಾರೋ ಕೂಗಿದರು. ಹೌದು, ಮಗ್ಗಿಯೇ. 220 ಮಧ್ಯ ಷಡ್ಜ, 330 ಪಂಚಮ, 440 ತಾರ ಷಡ್ಜ. ಐದನೆಯ 550 ಯಾವುದು?

ಹೇಳಿಕೊಡಲಿಲ್ಲ. ಕಣ್ಣು ಮುಚ್ಚಿ ಕೇಳಿ ಎಂದು ಅದೇ ತಂತಿಯನ್ನು ಮತ್ತೆ ಮತ್ತೆ ಮೀಟಿದೆ. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಜೀವದ ದಾರ ಸರಿಯಾಗಿ ಕೂತಿದ್ದರೆ ಷಡ್ಜ ಕರಗುತ್ತಾ ಹೋದಂತೆ ಅದರೊಳಗಿಂದ ಗಾಂಧಾರ ತಾನಾಗಿ ಏಳುತ್ತದೆ. ಸಂಗೀತಗಾರರು ಸ್ವಯಂಭೂ ಗಾಂಧಾರ ಅನ್ನುವುದು ಇದನ್ನೇ. ಕೆಲವರಿಗೆ ಬೇಗ ಕೇಳಿತು, ಕೆಲವರಿಗೆ ಕೇಳಲಿಲ್ಲ. ಆ ಹುಡುಗಿ ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ "ಗಾ..." ಎಂದು ಹಾಡಿದಳು, ತಂಬೂರಿಯಲ್ಲಿ ಇದ್ದಲ್ಲಿಗೇ. ಪರದೆಯಲ್ಲಿ ಅವಳ ಧ್ವನಿಯ ಎರಡನೆಯ ಗೆರೆ ತಂಬೂರಿಯ ಐದನೆಯ ಗೆರೆಯ ಮೇಲೆ ಕೂತಿತು.

550ರ ಅರ್ಧ, ಅಂದರೆ ಅದೇ ಗಾಂಧಾರದ ತಗ್ಗಿನ ರೂಪ, 275. ನಾವು ಹಾಡುವ ಅಂತರ ಗಾಂಧಾರ ಅದು. ಆ್ಯಪ್ ಕೇಳುವುದು 277ಕ್ಕಿಂತ ಕೊಂಚ ಮೇಲೆ. ಯಾಕೆಂದರೆ ಅದು ಒಂದು ಸ್ಥಾಯಿಯನ್ನು (ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗೆ) ಹನ್ನೆರಡು ಸಮ ಪಾಲು ಮಾಡಿಟ್ಟಿರುತ್ತದೆ, ಕೀಬೋರ್ಡಿನ ಹಾಗೆ, ಇವತ್ತಿನ ಹೆಚ್ಚಿನ ಹಾರ್ಮೋನಿಯಂಗಳ ಹಾಗೆ. ಯಾವ ಮನೆಯಿಂದ ಶುರು ಮಾಡಿದರೂ ನುಡಿಸಬಹುದು ಎಂಬ ಅನುಕೂಲಕ್ಕೆ ಮಾಡಿಕೊಂಡ ಹಂಚಿಕೆ ಅದು. ಷಡ್ಜಕ್ಕೆ ಇದರಿಂದ ತೊಂದರೆಯಿಲ್ಲ, ಪಂಚಮಕ್ಕೂ ಇಲ್ಲವೆನ್ನುವಷ್ಟು ಕಡಿಮೆ. ಏಟು ಬೀಳುವುದು ಗಾಂಧಾರಕ್ಕೆ. ಆಕಾಶವಾಣಿ 1940ರಿಂದ ದಶಕಗಳ ಕಾಲ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರ ಹಿಂದಿನ ವಾದಗಳಲ್ಲಿ ಈ ಸಮ ಹಂಚಿಕೆಯದೂ ಒಂದು.

ಮಕ್ಕಳಿಗೆ ಇಷ್ಟೆಲ್ಲ ಹೇಳಲಿಲ್ಲ, ಕೇಳಿಸಿದೆ. ಫೋನಿನ ಕೀಬೋರ್ಡ್ ಆ್ಯಪಿನಲ್ಲಿ ಅದೇ ಗಾಂಧಾರ ಒತ್ತಿ ಹಿಡಿದು ತಂಬೂರಿ ಮೀಟಿದೆ. "ನಡುಗ್ತದೆ ಟೀಚರ್" ಅಂದರು. ಎರಡು ಸದ್ದು ಹತ್ತಿರವಿದ್ದೂ ಕೂಡದಿದ್ದಾಗ ಬರುವ ಅಲೆ ಅದು, ಇಲ್ಲಿ ತಂಬೂರಿಯ 550ಕ್ಕೂ ಕೀಬೋರ್ಡ್ ಸ್ವರದ ಎರಡನೆಯ ಗೆರೆಗೂ ನಡುವೆ, ಸೆಕೆಂಡಿಗೆ ನಾಲ್ಕಕ್ಕಿಂತ ತುಸು ಹೆಚ್ಚು. ಕೀಬೋರ್ಡ್ ನಿಲ್ಲಿಸಿ ಹುಡುಗಿಗೆ ಹಾಡು ಎಂದೆ. ಹಾಡಿದಳು. ನಡುಕ ಇಲ್ಲ. ಬೇಕೆಂದೇ ದೀಪಕ್ಕೆ ಸರಿಯಾಗಿ ಹಾಡು ಎಂದೆ. ನಡುಕ ಬಂತು. ಮತ್ತೆ ಇಳಿಸಿದಳು, ಈ ಸಲ ನಾನು ಹೇಳುವ ಮೊದಲೇ.

ಮಕ್ಕಳ ಸಂಗೀತಕ್ಕೆ ಯಂತ್ರ ಬೇಡ ಎನ್ನುವವಳು ನಾನಲ್ಲ. ನಾನು ಕಲಿತದ್ದೇ ಎಲೆಕ್ಟ್ರಾನಿಕ್ ತಂಬೂರಿಯ ಜೊತೆ. ಕೊಳಲು ವಾದಕರೂ ಎಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು. ತಂಬೂರಿ ಕೊಳ್ಳಲಾಗದ, ಶ್ರುತಿ ಮಾಡಲು ಬಾರದ ಎಷ್ಟು ಮನೆಗಳಿಗೆ ಅದರಿಂದ ಷಡ್ಜ ಸಿಕ್ಕಿತು! ಆದರೆ 2020ರ ಲಾಕ್‌ಡೌನ್‌ನಲ್ಲಿ ಬೇರೊಂದನ್ನೂ ಕಂಡೆ. ನೆಟ್‌ವರ್ಕ್ ಸಿಗಲಿ ಎಂದು ಮಕ್ಕಳು ಗುಡ್ಡ ಹತ್ತಿ ಕೂತು ಪಾಠ ಕೇಳುತ್ತಿದ್ದರು. ವಿಡಿಯೊ ಕರೆಯ ಆ್ಯಪ್ ನನ್ನ ಮಾತನ್ನು ತಲುಪಿಸಿ, ತಂಬೂರಿಯನ್ನು ಫ್ಯಾನಿನ ಸದ್ದೆಂದು ತಿಳಿದು ಒರೆಸಿ ಹಾಕುತ್ತಿತ್ತು. ಎಡೆಬಿಡದ ಒಂದೇ ಸದ್ದನ್ನು ಗದ್ದಲವೆಂದು ತೆಗೆಯುವುದೇ ಅದರ ಕೆಲಸ. ಸೆಟ್ಟಿಂಗ್ ಹುಡುಕಿ ಅದನ್ನು ನಿಲ್ಲಿಸುವವರೆಗೂ ಮಕ್ಕಳು ಶ್ರುತಿಯೇ ಇಲ್ಲದೆ ಹಾಡಿದರು. ಯಂತ್ರಕ್ಕೆ ಯಾವುದು ಸಂಗೀತ, ಯಾವುದು ಗದ್ದಲ ಎಂದು ಯಾರೋ ಎಲ್ಲೋ ಹೇಳಿಕೊಟ್ಟಿರುತ್ತಾರೆ. ಹಾಗೆ ಹೇಳಿಕೊಡುವಾಗ ಅವರ ಮನಸ್ಸಿನಲ್ಲಿ ನಮ್ಮ ತಂಬೂರಿ ಇರಬೇಕೆಂದೇನಿಲ್ಲ. ಅದಕ್ಕೇ ಅಂಕ ಕೊಡುವ, ದೀಪ ಹತ್ತಿಸುವ ಆ್ಯಪುಗಳನ್ನು ಚಿಕ್ಕ ಮಕ್ಕಳ ಕೈಗೆ ಒಂಟಿಯಾಗಿ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ, ಎಲ್ಲಿ ಕೂಡಲಿಲ್ಲ ಎಂದು ಅವರೇ ಹೇಳಲಿ. ನನ್ನ ತರಗತಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಂತ್ರಜ್ಞಾನ ಈ ಮಾಮೂಲಿ ರೆಕಾರ್ಡರೇ.

ಟಿವಿ ಆರಿಸಿ, ಎಲ್ಲರೂ ಸೇರಿ ಮಾಯಾಮಾಳವಗೌಳ ರಾಗದಲ್ಲಿ ಸರಳೆ ಹಾಡಿ ಮುಗಿಸುವಷ್ಟರಲ್ಲಿ ಬೆಲ್ ಆಯಿತು. ಚೀಲ ಹೆಗಲಿಗೇರಿಸಿಕೊಂಡ ಹುಡುಗಿ ಹಲಗೆಯ ಮುಂದೆ ನಿಂತು ಮಗ್ಗಿಯನ್ನೇ ನೋಡುತ್ತಿದ್ದಳು. "ಟೀಚರ್, ಇದ್ರಲ್ಲಿ ಸ ಇದೆ, ಪ ಇದೆ, ಗ ಇದೆ. ಮ ಎಲ್ಲಿ?"

110ರ ಮಗ್ಗಿಯನ್ನು ಎಷ್ಟು ದೂರ ಬರೆದರೂ ನಾವು ಹಾಡುವ ಶುದ್ಧ ಮಧ್ಯಮ ಅದರಲ್ಲಿ ನಿಖರವಾಗಿ ಬರುವುದಿಲ್ಲ. ಅದು ಹುಟ್ಟುವುದು ಬೇರೆ ದಾರಿಯಲ್ಲಿ: ಮಧ್ಯಮದಿಂದ ಎಣಿಸಿದರೆ ನಮ್ಮ ಷಡ್ಜವೇ ಅದರ ಪಂಚಮ. ಇದನ್ನೂ ಬಾಯಲ್ಲಿ ಹೇಳಲಿಲ್ಲ. ಮುಂದಿನ ಶನಿವಾರ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸೋಣ, ಬಿರಡೆ ತಿರುಗಿಸುವವಳು ನೀನೇ ಎಂದಿದ್ದೇನೆ.