ದೇವರ ಗದ್ದೆಯ ಕದಿರು

ಈ ನವರಾತ್ರಿಗೆ ಊರಿಗೆ ಹೋಗಿದ್ದೆ. ದೇವಸ್ಥಾನದಲ್ಲಿ ಮಂಗಳಾರತಿ ಆದ ಮೇಲೆ ಭಟ್ಟರು ಪ್ರಸಾದದ ಜೊತೆ ಒಂದು ಹಿಡಿ ಕದಿರು ಕೊಟ್ಟರು. ಆರೇಳು ತೆನೆ ಇರಬಹುದು. ಅರ್ಧ ಹಸಿರು, ಅರ್ಧ ಹಳದಿ. ಬೊಗಸೆಗೆ ಬಿದ್ದದ್ದೇ ತಡ, ಭತ್ತದ ಸುಂಕು ಅಂಗೈಗೆ ತಾಗಿ ಸಣ್ಣಗೆ ತುರಿಸಿತು. ಮೂಗಿನ ಹತ್ತಿರ ತಂದೆ. ಹಸಿಹುಲ್ಲು, ಕೆಸರು, ಹಾಲು ಮೂರೂ ಸೇರಿದ ಹಾಗಿನ ವಾಸನೆ. ಅಲ್ಲೇ ಕಣ್ಣು ತುಂಬಿ ಬಂತು. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು, ನನಗೆ ಕಾಲೇ ಬರಲಿಲ್ಲ. ಅದು ನನ್ನ ಅಜ್ಜಿಯ ಸೆರಗಿನ ವಾಸನೆ.

ನಮ್ಮದು ಉಡುಪಿ ಜಿಲ್ಲೆಯಲ್ಲಿ ಸೀತಾನದಿಯ ಆಚೆ, ಕುಂದಾಪ್ರ ಕನ್ನಡ ಮಾತಾಡುವ ಊರು. ಮಂಗಳೂರು ಕಡೆಯವರು ತುಳುವಿನಲ್ಲಿ ಕುರಲ್ ಕಟ್ಟುವುದು, ಪುದ್ವಾರ್ ಎನ್ನುವುದನ್ನು ನಾವು ಕದಿರು ಕಟ್ಟುವುದು, ಹೊಸ್ತು ಎನ್ನುತ್ತೇವೆ. ಹೊಸ ತೆನೆ ತಂದು ಮನೆಗೆ ಕಟ್ಟುವುದು ಕದಿರು ಕಟ್ಟುವುದು, ಹೊಸ ಅಕ್ಕಿಯ ಮೊದಲ ಊಟ ಹೊಸ್ತು. ಹೊಸ ಭತ್ತ ಮೊದಲು ದೇವರಿಗೆ, ಆಮೇಲೆ ಬಾಗಿಲಿಗೆ, ಕೊನೆಗೆ ಬಾಯಿಗೆ.

ಹೊಸ್ತಿನ ದಿನ ಅಜ್ಜಿ ನಾಲ್ಕು ಗಂಟೆಗೇ ಏಳುತ್ತಿದ್ದಳು. ಅಂಗಳ ಸಾರಿಸಿ, ತುಳಸಿಕಟ್ಟೆಗೆ ರಂಗೋಲಿ ಹಾಕಿ, ದೀಪ ಹಚ್ಚಿ, ಒಂದು ಚೆಂಬು ನೀರು ಹಿಡಿದುಕೊಂಡು ಚಾವಡಿಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಅಜ್ಜ ಮಿಂದು ಒದ್ದೆ ಪಂಚೆಯಲ್ಲೇ ಗದ್ದೆಗೆ ಹೋಗಿರುತ್ತಿದ್ದರು. ಗದ್ದೆಯ ಮೂಲೆಯಲ್ಲಿ ಸ್ವಲ್ಪ ಹಾಲು ಎರೆದು, ಕೈಮುಗಿದು, ಕದಿರು ಕೊಯ್ದು, ಹರಿವಾಣದಲ್ಲಿಟ್ಟು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಕದಿರು ಒಳಗೆ ಬರುವ ತನಕ ಮನೆಯಲ್ಲಿ ಯಾರೂ ಸುಮ್ನೆ ಮಾತಾಡಬಾರದು. ಮಕ್ಕಳಾದ ನಾವು ಕಂಬದ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಅಜ್ಜನ ಕೆಸರುಗಾಲಿಗೆ ಅಜ್ಜಿ ನೀರು ಹಾಕುವ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಜ್ಜನ ಕಾಲಿಗೆ ಅಂತ ನಾನು ಆಗ ಅಂದುಕೊಂಡಿದ್ದೆ. ತಲೆಯ ಮೇಲೆ ಲಕ್ಷ್ಮಿ ಕೂತಿದ್ದಾಳೆ, ಅವಳ ಕಾಲಿಗೆ ಅಂತ ಅಜ್ಜಿ ಆಮೇಲೆ ಹೇಳಿದಳು.

ಮಾವಿನೆಲೆ, ಹಲಸಿನೆಲೆ, ಬಿದಿರೆಲೆ ಒಂದೊಂದು ಇಟ್ಟು, ಅದರ ನಡುವೆ ಕದಿರು ಸೇರಿಸಿ, ನಾರಿನಲ್ಲಿ ಬಿಗಿಯುತ್ತಿದ್ದರು. ಹೆಬ್ಬಾಗಿಲಿಗೆ ಒಂದು, ದೇವರ ಕೋಣೆಗೆ ಒಂದು. ಕಣಜಕ್ಕೆ, ಬಾವಿಗೆ, ಹಟ್ಟಿಗೆ, ನೇಗಿಲಿಗೆ, ಒನಕೆಗೆ, ಅಂಗಳದ ತೆಂಗಿನಮರಕ್ಕೆ. ಮನೆಗೆ ಮೊದಲ ಟ್ರಾನ್ಸಿಸ್ಟರ್ ಬಂದ ವರ್ಷ ಅಜ್ಜಿ ಅದಕ್ಕೂ ಒಂದು ಕಟ್ಟಿಸಿದಳು. ಅವಳ ಲೆಕ್ಕದಲ್ಲಿ ಮನೆಯೊಳಗೆ ಬಂದದ್ದೆಲ್ಲ ಮನೆಯದೇ, ಅದಕ್ಕೂ ಹೊಸ್ತು ಆಗಬೇಕು.

ಆಮೇಲೆ ಅವಳು ಒಲೆಯ ಪಕ್ಕ ಕೂತು ಭತ್ತ ಸುಲಿಯುತ್ತಿದ್ದಳು. ಒನಕೆಯಲ್ಲಲ್ಲ, ಉಗುರಿನಲ್ಲಿ. ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚಿ ಹೆಚ್ಚಿ ಅವಳ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ಉದ್ದಕ್ಕೆ ಸೀಳಿತ್ತು. ಆ ಸೀಳಿಗೆ ಭತ್ತದ ತುದಿ ಸಿಕ್ಕಿಸಿ ಒಂದು ಸಲ ತಿರುಪಿದರೆ ಸಿಪ್ಪೆ ಎರಡಾಗಿ ಬಿಚ್ಚಿಕೊಳ್ಳುತ್ತಿತ್ತು. ಒಳಗಿಂದ ಕೆಂಪು ಅಕ್ಕಿ. ಕೆಲವು ಕಾಳು ಇನ್ನೂ ಬಲಿತಿರುತ್ತಿರಲಿಲ್ಲ, ಒತ್ತಿದರೆ ಹಾಲು ಬರುತ್ತಿತ್ತು. ಒಂದು ಕಾಳೂ ಮುರಿಯಬಾರದು. ಒಂಬತ್ತು ಕಾಳು ಆದ ಮೇಲೆ ಕಾಯಿಹಾಲಿನ ಪಾಯಸಕ್ಕೆ ಹಾಕುತ್ತಿದ್ದಳು. ಮೂವತ್ತು ಜನರ ಪಾಯಸಕ್ಕೆ ಒಂಬತ್ತೇ ಕಾಳು. ಯಾರ ಎಲೆಗೆ ಅದು ಬೀಳುತ್ತದೋ ಅಂತ ನಾವು ಪಾಯಸವನ್ನೆಲ್ಲ ಬೆರಳಲ್ಲಿ ಹುಡುಕುತ್ತಿದ್ದೆವು.

ಎಲೆ ಹಾಕಿ ಬಡಿಸಿದ ಮೇಲೂ ಊಟ ಶುರು ಮಾಡುವ ಹಾಗಿಲ್ಲ. ಚಿಕ್ಕವರೆಲ್ಲ ದೊಡ್ಡವರ ಹತ್ತಿರ ಕೇಳಬೇಕು. "ಹೊಸ್ತ್ ಉಣ್ತೆ ಅಜ್ಜಿ" ಎನ್ನಬೇಕು. "ಉಣ್ ಮಗಾ" ಅಂತ ಅವರು ಹೇಳಬೇಕು. ಹೀಗೆ ಕೇಳಿ ಕೇಳಿ, ಮನೆಯ ಹಿರಿಯರ ತನಕ ಹೋಗಬೇಕು. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯೇ ಎಲ್ಲರಿಗಿಂತ ಹಿರಿಯಳು. ಅವಳು ಯಾರ ಹತ್ತಿರ ಕೇಳಬೇಕು? ಎಲ್ಲರಿಗೂ "ಉಣ್ ಮಗಾ, ಉಣ್ ಮಗಾ" ಎಂದು ಮುಗಿಸಿ, ಅವಳು ಕೂತಲ್ಲೇ ಸ್ವಲ್ಪ ತಿರುಗಿ, ಮಂದಾರ್ತಿ ದುರ್ಗಾಪರಮೇಶ್ವರಿ ದೇವಸ್ಥಾನದ ದಿಕ್ಕಿಗೆ ಮುಖ ಮಾಡಿ ಕೈಮುಗಿಯುತ್ತಿದ್ದಳು. "ಹೊಸ್ತ್ ಉಣ್ತೆ ಅಮ್ಮಾ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತಿದ್ದಳು. ಆಚೆ ಕಡೆಯಿಂದ ಅವಳಿಗೆ ಮಾತ್ರ ಏನೋ ಕೇಳಿಸುತ್ತಿತ್ತು ಅಂತ ನಾನು ಇಂದಿಗೂ ನಂಬುತ್ತೇನೆ. ಮುಖ ಹಗುರಾಗುತ್ತಿತ್ತು. ಆಮೇಲೆ ಮೊದಲ ತುತ್ತು.

ಅವಳಿಗೆ ಆ ತುತ್ತು ಯಾಕೆ ಅಷ್ಟು ದೊಡ್ಡದು ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು. ಅಜ್ಜ ಗೇಣಿ ಒಕ್ಕಲು. ಮುಡಿ ಅಂದರೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ, ಒಂದಕ್ಕೆ 42 ಸೇರು. ಗೇಣಿಯ ಮುಡಿಗಳು ಒಡೆಯರ ಮನೆಗೆ ಹೋದ ಮೇಲೆ ಉಳಿದದ್ದರಲ್ಲಿ ವರ್ಷ ತಳ್ಳಬೇಕು. ಆಸಾಡಿ ತಿಂಗಳಿಗೆ ಕಣಜದ ತಳ ಕಾಣುತ್ತಿತ್ತು. ಹೊರಗೆ ಹಗಲು ರಾತ್ರಿ ಮಳೆ. ಹಲಸಿನ ಬೀಜ, ಕೆಸುವಿನ ಸೊಪ್ಪು, ಕಳಲೆ, ಇಷ್ಟರಲ್ಲೇ ದಿನ ದೂಡಬೇಕು. ಗಂಜಿಯಲ್ಲಿ ನೀರು ಜಾಸ್ತಿ, ಅಗುಳು ಕಡಿಮೆ. ಅಂಥ ಹೊತ್ತಲ್ಲೂ "ಅಕ್ಕಿ ಮುಗಿತ್ ಅಂದ್ ಹೇಳುಕಾಗ ಮಗಾ, ಹೆಚ್ಚಿತ್ ಅಂದೇ ಹೇಳ್ಕ್" ಎನ್ನುತ್ತಿದ್ದಳು. ಮುಗಿಯಿತು ಅನ್ನಬಾರದು, ಹೆಚ್ಚಿತು ಅಂತಲೇ ಹೇಳಬೇಕು. ಅಷ್ಟು ಹಸಿದು ಕಾದವರ ಮುಂದೆ ಹೊಸ ಅಕ್ಕಿ ಬಂದರೆ ಅದು ಬರೀ ಅನ್ನ ಆಗಲು ಸಾಧ್ಯವೇ?

1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂತು. ಉಳುವವನೇ ನೆಲದೊಡೆಯ. ಈ ಗದ್ದೆ ಉಳುವವನು ನಾನು ಅಂತ ಅಜ್ಜ ಡಿಕ್ಲರೇಷನ್ ಕೊಟ್ಟರು, ಗದ್ದೆ ನಮ್ಮದಾಯಿತು. ಅಲ್ಲಿಯ ತನಕ ಕದಿರು ಮೊದಲು ಒಡೆಯರ ಮನೆಗೆ ಮುಟ್ಟಿಸಿ ಬರುವ ಕ್ರಮವಿತ್ತಂತೆ. ಗದ್ದೆ ನಮ್ಮದಾದ ವರ್ಷ ಅಜ್ಜ ಕದಿರು ಹೊತ್ತು ನೇರ ಮನೆಗೆ ಬಂದರು. ಅಜ್ಜಿಗೆ ಚೆಂಬು ಹಿಡಿದ ಕೈ ನಡುಗಿ ನೀರೆಲ್ಲ ಅವಳ ಕಾಲಿಗೇ ಚೆಲ್ಲಿತಂತೆ. ಇದನ್ನು ಅವಳು ನೂರು ಸಲ ಹೇಳಿರಬೇಕು. ಒಡೆಯರ ಮೇಲೆ ಒಂದು ಕಹಿ ಮಾತು ಮಾತ್ರ ಆಡಲಿಲ್ಲ. ಅಮ್ಮ ಕೊಟ್ಟಳು ಎನ್ನುತ್ತಿದ್ದಳು, ಅಷ್ಟೇ.

ಹಾಗೆ ಬಂದ ಗದ್ದೆಯ ಗತಿ ಏನಾಯಿತು ಅಂತ ಬರೆಯಲು ಹೊಟ್ಟೆ ಉರಿಯುತ್ತದೆ. ಅಪ್ಪ ಇರುವ ತನಕ ಬೇಸಾಯ ಇತ್ತು. ಚಿಕ್ಕಪ್ಪಂದಿರು ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದರು, ಅವರ ಮಕ್ಕಳು ದುಬೈಗೆ. ಕಳಿಸಿದ ಹಣದಲ್ಲಿ ಮನೆಗೆ ತಾರಸಿ ಬಂತು, ನಾವೆಲ್ಲ ಓದಿದೆವು. ಅದನ್ನು ತಪ್ಪು ಅನ್ನಲಾರೆ. ಹಸಿವು ಹೋಯಿತಲ್ಲ, ಅದು ದೊಡ್ಡ ಮಾತು. ಆದರೆ ನೇಜಿ ನೆಡಲು ಜನ ಸಿಗಲಿಲ್ಲ. ಸುಗ್ಗಿ ಬೆಳೆ ಮೊದಲು ನಿಂತಿತು. ನವಿಲು, ಮಂಗಗಳ ಕಾಟ ಬೇರೆ. ಅಪ್ಪ ಹೋದ ಮೇಲೆ ಗದ್ದೆ ಹಡಿಲು ಬಿತ್ತು, ಉಳುವವರಿಲ್ಲದೆ ಪಾಳಾಯಿತು. ಮೇಲಿನ ಎರಡು ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದೆವು. ಉಳಿದದ್ದರಲ್ಲಿ ಹುಲ್ಲು ಆಳೆತ್ತರ ಬೆಳೆದಿದೆ. ಅಂಗಳದಲ್ಲಿ ಈಗ ಭತ್ತ ತುಂಬಿಡುವ ತಿರಿ ಇಲ್ಲ, ಹುಲ್ಲುಕುತ್ರಿ ಇಲ್ಲ, ಇಂಟರ್‌ಲಾಕ್ ಹಾಕಿ ಕಾರು ನಿಲ್ಲಿಸಿದ್ದೇವೆ. ನನ್ನ ಮಗಳು ಅಕ್ಕಿಮುಡಿಯನ್ನು ಮೊದಲು ನೋಡಿದ್ದು ಉಡುಪಿಯಲ್ಲಿ, ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯಕ್ಕೆ ಮುಂಚೆ ನಡೆಯುವ ಅಕ್ಕಿ ಮುಹೂರ್ತದ ಮೆರವಣಿಗೆಯಲ್ಲಿ. "ಅದೆಂತ ಹುಲ್ಲಿನ ಚೆಂಡು?" ಅಂತ ಕೇಳಿದಳು. ಮುಡಿ ಕಟ್ಟುವುದರಲ್ಲಿ ಊರಿಗೇ ಹೆಸರಾಗಿದ್ದ ಅಜ್ಜನ ಮರಿಮಗಳು ಅವಳು.

ಗದ್ದೆ ಹೋದ ಮೇಲೂ ಕೆಲವು ವರ್ಷ ಪಕ್ಕದವರ ಗದ್ದೆಯಿಂದ ಕದಿರು ಬೇಡಿ ತಂದೆವು. ಅವರೂ ಬೇಸಾಯ ಬಿಟ್ಟರು. ಆಮೇಲೆ ಮೂರ್ನಾಲ್ಕು ವರ್ಷ ನಾವು ಹೊಸ್ತು ಮಾಡಲೇ ಇಲ್ಲ. ಅಕ್ಕಿ ಅಂಗಡಿಯಿಂದ ಬರುತ್ತದೆ, ಮುಗಿಯುವ ಮೊದಲೇ ಇನ್ನೊಂದು ಚೀಲ ಬರುತ್ತದೆ. ಹೊಸತು ಯಾವುದು, ಹಳತು ಯಾವುದು? ಕೆಳಗಿನ ಮನೆಯ ಕ್ರಿಶ್ಚಿಯನ್ ಬಾಯಮ್ಮ ಮಾತ್ರ ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಇಗರ್ಜಿಯಲ್ಲಿ ಕೊಟ್ಟ ತೆನೆಯಿಂದ ಕಾಳು ಬಿಡಿಸಿ, ಹಾಲಿಗೆ ಹಾಕಿ, ಮನೆಮಂದಿಗೆಲ್ಲ ಕೊಡುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ದೂರದಲ್ಲಿರುವ ಮಕ್ಕಳಿಗೆ ಕಾಗದದಲ್ಲಿ ಸುತ್ತಿ ನಾಲ್ಕು ಕಾಳು ಕಳಿಸುತ್ತಿದ್ದರು. ಅವರನ್ನು ನೋಡಿದಾಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ನಮಗೆ ಮುಹೂರ್ತ ನೋಡಲು, ಫೋಟೋ ತೆಗೆದು ಸ್ಟೇಟಸ್ ಹಾಕಲು ಸಮಯ ಇದೆ. ಒಂಬತ್ತು ಕಾಳು ಸುಲಿಯಲು ಇಲ್ಲ ಅಂದರೆ ಹೇಗೆ? ಗದ್ದೆ ಇಲ್ಲದಿದ್ದರೆ ಬೇಡ, ಉಗುರು ಇದೆ ಅಲ್ವಾ?

2021ರಲ್ಲಿ ಉಡುಪಿ ಸುತ್ತಮುತ್ತ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಕೆಲಸ ಜೋರಾಗಿ ನಡೆಯಿತು. ನಮ್ಮ ಊರ ಹುಡುಗರಿಗೂ ಆಗಲೇ ಹುಮ್ಮಸ್ಸು ಬಂತು. ದೇವಸ್ಥಾನದ ಎದುರಿನ ಗದ್ದೆ ಹಸನು ಮಾಡಿದರು. ಎಂಒ4 ತಳಿಯ ಭತ್ತದ ಬೀಜ, ನಾಟಿಗೆ ಯಂತ್ರ, ಕೊಯ್ಲಿಗೂ ಯಂತ್ರ. ನಾಟಿಯ ಹಾಡು ಓಬೇಲೆ ಹಾಡುವವರಿಲ್ಲ, ಕೋಣಗಳಿಲ್ಲ. ಹಾಗಿದ್ದರೂ ಮೂಲೆಯ ಒಂದು ಪಟ್ಟಿಯನ್ನು ಯಂತ್ರಕ್ಕೆ ಕೊಡುವುದಿಲ್ಲ. ಅದನ್ನು ಹೊಸ್ತಿನ ಬೆಳಗ್ಗೆ ಮಿಂದು ಬಂದವರು ಕತ್ತಿಯಲ್ಲೇ ಕೊಯ್ಯುತ್ತಾರೆ. ದೇವರ ಮುಂದಿಟ್ಟು ಪೂಜೆ ಮಾಡಿ ಊರಿನ ಎಲ್ಲ ಮನೆಗೂ ಒಂದೊಂದು ಹಿಡಿ ಕೊಡುತ್ತಾರೆ. ಈ ಸಲ ನನ್ನ ಬೊಗಸೆಗೆ ಬಿದ್ದದ್ದು ಅದೇ.

ಅಜ್ಜನ ಕಾಲದಲ್ಲಿ ಊರವರು ಕದಿರು, ಅಕ್ಕಿ, ತೆಂಗಿನಕಾಯಿ ಹೊತ್ತು ದೇವಸ್ಥಾನಕ್ಕೆ ಕೊಡುತ್ತಿದ್ದರು. ಈಗ ನಾವು ಖಾಲಿ ಕೈಯಲ್ಲಿ ಹೋಗಿ ಸಾಲು ನಿಲ್ಲುತ್ತೇವೆ, ದೇವರೇ ಬೆಳೆದು ನಮಗೆ ಕೊಡುತ್ತಾನೆ. ಎಷ್ಟು ತಾಳ್ಮೆ ಆ ಸ್ವಾಮಿಗೆ! ಮಕ್ಕಳು ಬಿಟ್ಟ ಕೆಲಸವನ್ನು ಮುದಿ ತಾಯಿ ತಾನೇ ಸೆರಗು ಸಿಕ್ಕಿಸಿ ಮಾಡುತ್ತಾಳಲ್ಲ, ಹಾಗೆ.

ಕದಿರನ್ನು ಬಾಳೆಲೆಯಲ್ಲಿ ಸುತ್ತಿ ಮಂಗಳೂರಿಗೆ ತಂದೆ. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಫ್ಲ್ಯಾಟಿನ ಕೆಳಗೆ ಮಾವಿನೆಲೆ ಸಿಕ್ಕಿತು, ಹಲಸಿನೆಲೆ ಎದುರು ಮನೆಯವರು ಕೊಟ್ಟರು, ಬಿದಿರೆಲೆ ಸಿಗಲಿಲ್ಲ. ಬಾಗಿಲಿಗೆ ಕಟ್ಟಿದೆ. ಎರಡು ತೆನೆಯ ಭತ್ತ ಬಿಡಿಸಿ ಮಗಳ ಜೊತೆ ಕೂತೆ. ನನ್ನ ಉಗುರಿಗೆ ಅಜ್ಜಿಯ ಕೈಚಳಕ ಎಲ್ಲಿ ಬರಬೇಕು? ನಾಲ್ಕು ಕಾಳು ಮುರಿಯಿತು. ಮಗಳು ಎರಡು ಕಾಳು ಮುರಿಯದೆ ಸುಲಿದಳು. ಅಂತೂ ಒಂಬತ್ತು ಆಯಿತು.

ಎಲೆ ಹಾಕಿದ ಮೇಲೆ ಮುಂಬೈಯ ದೊಡ್ಡತ್ತೆಗೆ ಫೋನ್ ಮಾಡಿದೆ. ಅಜ್ಜಿಯ ಹಿರಿಮಗಳು, ಎಂಬತ್ತು ದಾಟಿದೆ. ನಮ್ಮ ಕುಟುಂಬದಲ್ಲಿ ಈಗ ಅವಳೇ ಹಿರಿಯಳು. "ಹೊಸ್ತ್ ಉಣ್ತೆ ಅತ್ತೆ" ಅಂದೆ. ಆಚೆ ಕಡೆ ಸದ್ದಿಲ್ಲ. ಲೈನ್ ಹೋಯಿತು ಅಂದುಕೊಂಡೆ.

"ಕದ್ರ್ ಎಲ್ಲಿದ್?" ಅಂತ ಕೇಳಿದಳು ಕೊನೆಗೆ.

"ದೇವಸ್ಥಾನದ ಗದ್ದೆಯದು."

"ಉಣ್ ಮಗಾ, ಉಣ್" ಅಂದಳು. ಗಂಟಲು ಕಟ್ಟಿತ್ತು. ಆಮೇಲೆ, "ತಡಿ, ಫೋನ್ ಇಡ್ಬೇಡ" ಅಂದಳು. ಕುರ್ಚಿ ಸರಿದ ಸದ್ದು ಕೇಳಿತು. ನಿಧಾನವಾಗಿ ನಾಲ್ಕು ಹೆಜ್ಜೆ. ಮುಂಬೈಯ ಆ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಮಂದಾರ್ತಿ ಯಾವ ದಿಕ್ಕಿಗಿದೆಯೋ, ಅವಳಿಗೆ ಗೊತ್ತಿತ್ತು. "ಹೊಸ್ತ್ ಉಣ್ತೆ ಅಮ್ಮಾ" ಎಂದದ್ದು ನನಗೆ ಇಲ್ಲಿಗೆ ಕೇಳಿಸಿತು. ಆಮೇಲೆ ಅವಳೂ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೂ ಎಲೆಯ ಮುಂದೆ ಕೈ ಕಟ್ಟಿ ಕಾದೆ.