ಕೊಯ್ಯಲ್ಲ ಅಂದೆ

17 ಅಕ್ಟೋಬರ್ 2024, ಗುರುವಾರ ರಾತ್ರಿ

ತಾತ ಇವತ್ತು ಗೇಟಿನವರೆಗೆ ಬರಲಿಲ್ಲ. ತಾವು ಸಾಕಿದ ಕುದುರೆ ಭೀಮನ ಹತ್ತಿರವೇ ನಿಂತು, ನನಗೆ ಬೆನ್ನು ಹಾಕಿ ಮಾಲೀಸು ಮಾಡುತ್ತಿದ್ದರು. "ಬರ್ತೀನಿ ತಾತ" ಅಂದೆ. "ಹೂಂ" ಅಂದರು, ಅಷ್ಟೇ.

ಸಿಟ್ಟು ನನ್ನ ಮೇಲೆ. ಕೊಯ್ಯಲ್ಲ ಅಂದೆ, ಅದಕ್ಕೆ.

ಭೀಮನ ಎಡಗಣ್ಣಿನ ಮೇಲುರೆಪ್ಪೆಯಲ್ಲಿ ಮೊದಲು ಕೂದಲು ಉದುರಿ ಒಂದು ಬೋಳು ಗುರುತು ಬಂದಿತ್ತು. ಹುಳುಕಡ್ಡಿ ಅಂದುಕೊಂಡು ಯಾರೋ ಮುಲಾಮು ಹಚ್ಚಿದ್ದರು. ಈಗ ಅದೇ ಜಾಗದಲ್ಲಿ ಚರ್ಮದೊಳಗೆ ಗಟ್ಟಿ ಗಂಟು, ಹುಣಸೆ ಬೀಜದಷ್ಟು. ಹಿಂದಿನ ತೊಡೆಯ ಸಂದಿಯಲ್ಲಿ ಇನ್ನೊಂದು, ಇದಕ್ಕಿಂತ ಚಿಕ್ಕದು. ಎರಡನ್ನೂ ಮುಟ್ಟಿ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಸಾರ್ಕಾಯ್ಡ್. ಕುದುರೆಯ ಚರ್ಮಕ್ಕೆ ಬರುವ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ.

"ಚಿಕ್ಕದಿದ್ದಾಗಲೇ ತೆಗೆದು ಬಿಸಾಕಿ ಡಾಕ್ಟ್ರೇ. ಮರಗಟ್ಟೋ ಇಂಜೆಕ್ಷನ್ ಒಂದು, ಹೊಲಿಗೆ ಎರಡು. ಮುಗೀತು."

"ಮುಗಿಯಲ್ಲ ತಾತ. ಕೊಯ್ದರೆ ಇದು ಇನ್ನೂ ಜೋರಾಗಿ ಬರಬಹುದು."

"ಅದೆಂಥ ಮಾತು? ಹೋದ ವರ್ಷ ಆ ಕೆಂಪು ಮರಿಯ ಕಾಲಿಂದ ಅಷ್ಟು ದೊಡ್ಡ ಮಾಂಸ ಕೊಯ್ದಿರಲ್ಲ. ನಾನೇ ಹಿಡ್ಕೊಂಡಿದ್ದೆ."

ಹಿಡಿದುಕೊಂಡಿದ್ದು ನಿಜ. ಆದರೆ ಅದು ಬೇರೆ. ಗಾಯ ಮಾಯುವಾಗ ಹೊರಗೆ ಉಕ್ಕಿ ಬೆಳೆದ ಮಾಂಸ ಅದು. ಸವರಿ ತೆಗೆದು ಪಟ್ಟಿ ಕಟ್ಟಿದರೆ ಚರ್ಮ ಮುಚ್ಚಿಕೊಳ್ಳುತ್ತದೆ. ಆದರೂ ಆ ತುಂಡನ್ನು ಪರೀಕ್ಷೆಗೆ ಕಳಿಸಿದ್ದೆ. ಕಾಲಿನ ಗಾಯದಲ್ಲಿ ಸಾರ್ಕಾಯ್ಡ್ ಬೆಳೆದರೂ ನೋಡಲು ಥೇಟ್ ಹಾಗೇ ಇರುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ತಾತನನ್ನು ಬೈಯಲು ನನಗೆ ಮನಸ್ಸಿಲ್ಲ. ಗಂಟು ಕಂಡರೆ ಕಿತ್ತು ಹಾಕಬೇಕು ಅನ್ನಿಸುವುದು ಸಹಜ. ಅವರು ಆ ಕುದುರೆಯನ್ನು ಮರಿಯಿಂದ ಸಾಕಿದ್ದಾರೆ. ಕೈಯಲ್ಲಿ ಬ್ಲೇಡು ಇರುವವಳು ಎದುರಿಗೇ ನಿಂತು "ಈಗ ಬೇಡ" ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದಕ್ಕೇ ಕಲ್ಲಿನ ಮೇಲೆ ಕೂತು ಮೊದಲಿಂದ ಹೇಳಿದೆ.

ಇದರ ಬೇರು ದನದ ಮೈಯಲ್ಲಿದೆ ತಾತ ಅಂದೆ. ದನಗಳಿಗೆ ನರಹುಲಿ ತರುವ ಪ್ಯಾಪಿಲೋಮಾ ವೈರಸ್ಸು ಇದೆ. ದನದಲ್ಲಿ ಅದು ಅಷ್ಟು ತೊಂದರೆ ಕೊಡುವುದಿಲ್ಲ. ಕೆಲವು ತಿಂಗಳು ಇದ್ದು ತಾನಾಗಿ ಉದುರಿ ಹೋಗುತ್ತದೆ. ಅದೇ ವೈರಸ್ಸು, ಅದರಲ್ಲೂ ಒಂದನೇ ಮತ್ತು ಎರಡನೇ ಬಗೆ, ಕುದುರೆಯ ಚರ್ಮಕ್ಕೆ ಹೊಕ್ಕಾಗ ದಾರಿ ತಪ್ಪುತ್ತದೆ. ಹೊಸ ವೈರಸ್ಸು ಹುಟ್ಟಿ ಹೊರಗೆ ಬರುವುದಿಲ್ಲ, ಆದರೆ ಜೀವಕೋಶದೊಳಗೇ ಕೂತು ಬೆಳೆ, ಬೆಳೆ ಅನ್ನುತ್ತಿರುತ್ತದೆ. ನೊಣಗಳ ಮೈಯಲ್ಲೂ ಇದರ ಗುರುತು ಸಿಕ್ಕಿದೆ. ಹಾಗಾಗಿ ನೊಣವೇ ಹೊತ್ತು ತರುತ್ತದೆ ಅನ್ನುವ ಅನುಮಾನ ಗಟ್ಟಿಯಾಗಿದೆ. ಕಣ್ಣಿನ ಸುತ್ತ, ತೊಡೆ ಸಂದಿ, ಎದೆ, ಹೊಟ್ಟೆಯ ಕೆಳಗೆ, ನೊಣ ಕೂರುವ ಜಾಗದಲ್ಲೇ ಜಾಸ್ತಿ ಬರುತ್ತದೆ ನೋಡಿ.

"ಹಂಗಾದ್ರೆ ಪಕ್ಕದಲ್ಲಿ ಕಟ್ಟೋ ಎಲ್ಲಾ ಕುದುರೆಗೂ ಬರಬೇಕಿತ್ತು."

ಒಳ್ಳೆ ಪ್ರಶ್ನೆ. ಎಲ್ಲಾ ಕುದುರೆಗೂ ಬರುವುದಿಲ್ಲ. ರಕ್ತದಲ್ಲೇ ಅದಕ್ಕೆ ಒಗ್ಗುವ ಗುಣ ಇರಬೇಕು. ಕೆಲವು ವಂಶಗಳಲ್ಲಿ ಜಾಸ್ತಿ, ಕೆಲವದರಲ್ಲಿ ತೀರಾ ಕಡಿಮೆ. 1936ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜಾಕ್ಸನ್ ಎಂಬ ವೈದ್ಯರು ಇದನ್ನು ಬೇರೆಯೇ ರೋಗವೆಂದು ಗುರುತಿಸಿ ಬರೆದಾಗಿನಿಂದ ಈ ಪ್ರಶ್ನೆ ಇದೆ. ಹಾಗೆಂದರೆ ತಾತ ಸುಮ್ಮನೆ ತಲೆಯಾಡಿಸಿದರು.

ಆಮೇಲೆ ಮುಖ್ಯವಾದ ಮಾತು. ಗಂಟಿನ ಅಂಚು ಎಲ್ಲಿ ಮುಗಿಯುತ್ತೆ ಅಂತ ನಮಗೆ ಕಾಣುತ್ತೋ, ವೈರಸ್ಸು ಅಲ್ಲಿ ಮುಗಿದಿರುವುದಿಲ್ಲ. ಸುತ್ತಲಿನ ಚೆನ್ನಾಗಿರುವ ಚರ್ಮದಲ್ಲೂ ಇರುತ್ತದೆ. ಬರೀ ಕೊಯ್ದು ಬಿಟ್ಟಾಗ ಅರ್ಧಕ್ಕಿಂತ ಹೆಚ್ಚು ಸಲ ಮರಳಿ ಬಂದಿರುವ ವರದಿಗಳಿವೆ, ಅದೂ ಬಹಳಷ್ಟು ಆರು ತಿಂಗಳೊಳಗೆ. ಮರಳಿ ಬಂದದ್ದು ಮೊದಲಿನಷ್ಟು ಶಾಂತವಾಗಿರುವುದಿಲ್ಲ. ಒಳಗೇ ಇದ್ದ ಗಂಟು ಒಡೆದು, ಹಸಿ ಮಾಂಸವಾಗಿ, ರಕ್ತ ಸೋರಿಸುತ್ತಾ ಹರಡುತ್ತದೆ. ಅದಕ್ಕೇ ಪರೀಕ್ಷೆಗೆ ಅಂತ ಒಂದು ಚೂರು ಕತ್ತರಿಸಲೂ ನಾನು ಹಿಂದೆಮುಂದೆ ನೋಡುತ್ತೇನೆ. ಮುಂದಿನ ಚಿಕಿತ್ಸೆ ಏನು ಅಂತ ಗೊತ್ತುಮಾಡಿಕೊಳ್ಳದೆ ಇದನ್ನು ಕೆಣಕಬಾರದು. ಕೊಯ್ಯುವುದಾದರೆ ಸುತ್ತ 1 ಸೆಂಟಿಮೀಟರ್‌ಗಿಂತ ಜಾಸ್ತಿ ಒಳ್ಳೆ ಚರ್ಮವನ್ನೂ ಸೇರಿಸಿ ತೆಗೆಯಬೇಕು. ಹೊಟ್ಟೆಯ ಮೇಲೆ ಆದರೆ ಸರಿ. ರೆಪ್ಪೆಯಲ್ಲಿ ಅಷ್ಟು ತೆಗೆದರೆ ಉಳಿಯುವುದೇನು? ಕಣ್ಣು ಮುಚ್ಚಲಾಗದ ಕುದುರೆ. ಗುಡ್ಡೆ ಒಣಗಿ ಹುಣ್ಣಾಗಿ, ಕೊನೆಗೆ ಕಣ್ಣೇ ಹೋಗುತ್ತದೆ.

"ಮೊದಲನೇ ಏಟೇ ಸರಿಯಾಗಿ ಬೀಳಬೇಕು ತಾತ. ಅರೆಬರೆ ಮಾಡೋದಕ್ಕಿಂತ ಮಾಡದೇ ಇರೋದು ಮೇಲು."

"ಮಾಡದೇ ಇದ್ರೆ ಸಾಯ್ತಾನಾ?"

ಇಲ್ಲ ಅಂದೆ. ಇದು ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡುವ ಜಾತಿಯಲ್ಲ. ಇದ್ದಲ್ಲೇ ಆಳಕ್ಕಿಳಿಯುತ್ತದೆ, ಅಕ್ಕಪಕ್ಕ ಹಬ್ಬುತ್ತದೆ. ಎಳೆಯ ಕುದುರೆಗಳಲ್ಲಿ ಚಿಕ್ಕವು ತಾವಾಗಿ ಮಾಯವಾಗುವುದೂ ಉಂಟು. ಆದರೆ ಭೀಮ ಎಳೆಯನಲ್ಲ, ಇದು ಬೆಳೆಯುತ್ತಿದೆ, ಜಾಗ ಕಣ್ಣು. ಹಾಗಾಗಿ ಬಿಡುವಂತಿಲ್ಲ. ಕೊಯ್ಯಲ್ಲ ಅಂದರೆ ಏನೂ ಮಾಡಲ್ಲ ಅಂತ ಅರ್ಥವಲ್ಲ. ಇದನ್ನು ಎರಡೆರಡು ಸಲ ಹೇಳಿದೆ. ಎಷ್ಟು ಇಳಿಯಿತೋ.

ಅಷ್ಟರಲ್ಲಿ ಯಜಮಾನರ ಮಗಳು ಫೋನು ಹಿಡಿದುಕೊಂಡು ಬಂದಳು. "ಡಾಕ್ಟ್ರೇ, ಈ ಲೇಪ ನೋಡಿ. ಹಚ್ಚಿದರೆ ಗಂಟು ಕಪ್ಪಾಗಿ ಉದುರಿ ಬೀಳುತ್ತಂತೆ." ಉತ್ತರ ಅಮೆರಿಕದ ಬ್ಲಡ್‌ರೂಟ್ ಗಿಡದ ಬೇರಿನಿಂದ ಮಾಡಿದ್ದು. ಸುಳ್ಳಲ್ಲ, ಉದುರುತ್ತದೆ. ಮಾಂಸವನ್ನು ಸುಡುವ ಲೇಪ ಅದು. ತೊಡೆಯ ಮೇಲೋ ಪಕ್ಕೆಯ ಮೇಲೋ ವೈದ್ಯರ ಕಣ್ಣೆದುರು ಹಚ್ಚಿದರೆ ಸರಿ. ಕಣ್ಣಿಗೆ ಇಳಿದರೆ? ಕುದುರೆ ಮುಂಗಾಲಿಗೆ ಮುಖ ಉಜ್ಜಿದರೆ? ಅವಳಿಗೆ ಸ್ವಲ್ಪ ಗಡಸಾಗೇ ಹೇಳಿದೆ. ಹೇಳಬೇಕಿತ್ತು. ವಿಡಿಯೋದಲ್ಲಿ ಉದುರಿದ ಗಂಟನ್ನು ತೋರಿಸುತ್ತಾರೆ, ಆರು ತಿಂಗಳಾದ ಮೇಲೆ ಆ ಜಾಗ ಹೇಗಿದೆ ಅಂತ ತೋರಿಸುವುದಿಲ್ಲ.

ಮನುಷ್ಯರ ನರಹುಲಿಗೆ ಹಚ್ಚುವ ಇಮಿಕ್ವಿಮೋಡ್ ಮುಲಾಮು ಆಗುತ್ತಾ ಅಂತ ಕೇಳಿದಳು. ಬುದ್ಧಿವಂತೆ, ಓದಿಕೊಂಡು ಬಂದಿದ್ದಾಳೆ. ಚಪ್ಪಟೆಯಾಗಿರುವ ತೆಳು ಸಾರ್ಕಾಯ್ಡಿಗೆ ಅದು ಕೆಲಸ ಮಾಡುತ್ತದೆ. ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ ಹಚ್ಚಬೇಕು. ಚರ್ಮ ಊದಿ, ನೀರು ಸೋರಿ, ಹೊಪ್ಪಳೆ ಕಟ್ಟಿ, ಕೊನೆಕೊನೆಗೆ ಕುದುರೆ ಮುಟ್ಟಿಸಿಕೊಳ್ಳುವುದಿಲ್ಲ. ಭೀಮನದ್ದು ಒಳಗಿನ ಗಂಟು, ಮುಲಾಮು ಅಲ್ಲಿಯವರೆಗೆ ಇಳಿಯುವುದೂ ಇಲ್ಲ.

ಇದೆಲ್ಲಾ ನಡೆಯುವಾಗ ಆಚೆ ಕಡೆ ಗಂಗೆ ಹುಲ್ಲು ತಿನ್ನುತ್ತಾ ನಿಂತಿದ್ದಳು. 19 ವರ್ಷದ ಮುದುಕಿ, ಮೈಯೆಲ್ಲಾ ಬೆಳ್ಳಗೆ. ಬಾಲ ಎತ್ತಿದರೆ ಕೆಳಗೆ ಕರೀ ಗಂಟುಗಳ ಸಾಲು. ಅವಳನ್ನು ನೋಡಿದರೆ ನನಗೆ ಏಕೋ ಸಮಾಧಾನ.

ಗಂಗೆಯದ್ದು ಮೆಲನೋಮಾ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಗಡ್ಡೆ. ಮನುಷ್ಯರಲ್ಲಿ ಆ ಹೆಸರು ಕೇಳಿದರೆ ಎದೆ ನಡುಗುತ್ತದೆ. ಬಿಳಿ ಕುದುರೆಗಳಲ್ಲಿ ಅದು ವಯಸ್ಸಿನ ಜೊತೆ ಬರುವ ಸಂಗಾತಿ. 15 ವರ್ಷ ದಾಟಿದವುಗಳಲ್ಲಿ 100ಕ್ಕೆ 80ರಷ್ಟಕ್ಕೆ ಬರುತ್ತದೆ ಅನ್ನುತ್ತಾರೆ. ಈ ಕುದುರೆಗಳು ಹುಟ್ಟುವಾಗ ಬಿಳಿಯಲ್ಲ. ಕಪ್ಪೋ ಕಂದೋ ಆಗಿ ಹುಟ್ಟಿ, ವರ್ಷ ಕಳೆದಂತೆ ಕೂದಲು ಬೆಳ್ಳಗಾಗುತ್ತದೆ, ಚರ್ಮ ಮಾತ್ರ ಕಪ್ಪಾಗೇ ಉಳಿಯುತ್ತದೆ. 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ಇದರ ಕಾರಣ ಕಂಡುಹಿಡಿಯಿತು. ಎಸ್‌ಟಿಎಕ್ಸ್17 ಎಂಬ ಜೀನಿನೊಳಗೆ ಡಿಎನ್‌ಎಯ ಒಂದು ತುಂಡು, ಸುಮಾರು 4,600 ಅಕ್ಷರಗಳಷ್ಟು ಉದ್ದದ್ದು, ಒಂದಕ್ಕಿಂತ ಹೆಚ್ಚು ಸಲ ಬರೆದುಕೊಂಡಿದೆ. ಕೂದಲನ್ನು ಬೆಳ್ಳಗೆ ಮಾಡುವುದೂ ಅದೇ, ಗಡ್ಡೆ ತರುವುದೂ ಅದೇ. ಆ ಚಂದಕ್ಕೂ ಈ ಗಂಟಿಗೂ ಮೂಲ ಒಂದೇ ಅಂತ ಮೊದಲ ಸಲ ಓದಿದಾಗ ಬಹಳ ಹೊತ್ತು ಅದೇ ಯೋಚನೆಯಲ್ಲಿದ್ದೆ.

ಇಲ್ಲಿ ಲೆಕ್ಕ ತಿರುವುಮುರುವು. ಸಾರ್ಕಾಯ್ಡನ್ನು ಕೊಯ್ಯಲು ಹೆದರುವ ನಾನೇ, ಚಿಕ್ಕ ಮೆಲನೋಮಾ ಒಂಟಿಯಾಗಿ ಕಂಡರೆ ಬೇಗ ತೆಗೆಸಿಬಿಡಿ ಅನ್ನುತ್ತೇನೆ. ಚಿಕ್ಕದಿದ್ದಾಗ ಸುಲಭವಾಗಿ ಬರುತ್ತದೆ, ಆ ಜಾಗದಲ್ಲಿ ಮತ್ತೆ ಬರುವುದೂ ಅಪರೂಪ. ಕಾದರೆ ಒಂದಕ್ಕೊಂದು ಸೇರಿ, ಗುದದ ಸುತ್ತ ಕಲ್ಲಿನ ಹಾಗೆ ಗಟ್ಟಿಯಾಗಿ ಲದ್ದಿ ಹಾಕಲೂ ಕಷ್ಟ. ಗಂಗೆ ನನ್ನ ಕೈಗೆ ಬರುವಷ್ಟರಲ್ಲಿ ಅವಳದ್ದು ಸಾಲುಗಟ್ಟಿತ್ತು. ಈಗ ಅಳತೆ ಬರೆದಿಡುತ್ತೇನೆ. ತಿನ್ನುತ್ತಾಳಾ, ತೂಕ ಇಳಿದಿದೆಯಾ, ಲದ್ದಿ ಸಲೀಸಾ ಅಂತ ಕೇಳುತ್ತೇನೆ. ನಾಯಿಗಳ ಮೆಲನೋಮಾಕ್ಕೆ ಮಾಡಿದ ಲಸಿಕೆಯನ್ನು ಕುದುರೆಗಳಿಗೂ ಕೊಟ್ಟು ನೋಡಿದ್ದಾರೆ, ಹೊಟ್ಟೆಯ ಆಮ್ಲ ತಗ್ಗಿಸುವ ಸಿಮೆಟಿಡಿನ್ ಮಾತ್ರೆಯನ್ನೂ ನೋಡಿದ್ದಾರೆ. ಮಾತ್ರೆಯ ಮೇಲೆ ನನಗೆ ನಂಬಿಕೆ ಕಡಿಮೆ. ತಾತನಿಗೆ ಗಂಗೆಯ ಗಂಟುಗಳ ಚಿಂತೆಯೇ ಇಲ್ಲ. ಅವು ನೋಡಲು ಅಷ್ಟು ಭಯ ಹುಟ್ಟಿಸಿದರೂ ಅವರಿಗೆ ಅಭ್ಯಾಸವಾಗಿ ಹೋಗಿದೆ.

ಹೊರಡುವ ಮುಂಚೆ ಇನ್ನೊಂದು ಕುದುರೆ ಚುಕ್ಕಿಯ ಕಣ್ಣನ್ನೂ ನೋಡಿದೆ. ಗುಲಾಬಿ ರೆಪ್ಪೆ, ಬಣ್ಣವಿಲ್ಲದ ಚರ್ಮ. ಅಂಥದ್ದರ ಮೇಲೆ ಬಿಸಿಲು ಬಿದ್ದೂ ಬಿದ್ದೂ ಬರುವ ಕ್ಯಾನ್ಸರ್ ಬೇರೆ ಇದೆ, ಅದು ಹರಡುವ ಜಾತಿ. ಮೂರನೇ ರೆಪ್ಪೆ ಎಳೆದು ನೋಡಿದೆ, ಏನೂ ಇಲ್ಲ. ಬಿಸಿಲು ತಡೆಯುವ ಮುಖವಾಡ ಹಾಕಿ ಅಂತ ಮತ್ತೆ ಹೇಳಿದೆ. ನೊಣಕ್ಕೂ ಆಯಿತು, ಬಿಸಿಲಿಗೂ ಆಯಿತು.

ಮನೆಗೆ ಬಂದ ಮೇಲೂ ಭೀಮನ ರೆಪ್ಪೆಯೇ ಕಣ್ಣ ಮುಂದೆ. ಕಣ್ಣಿನ ಸುತ್ತಲಿನ ಸಾರ್ಕಾಯ್ಡಿಗೆ ಎಲ್ಲಕ್ಕಿಂತ ಒಳ್ಳೆಯ ಫಲ ಕೊಟ್ಟಿರುವುದು ವಿಕಿರಣ. ಇರಿಡಿಯಂ-192 ತಂತಿಗಳನ್ನು ಗಂಟಿನೊಳಗೇ ತೂರಿಸಿ ಕೆಲವು ದಿನ ಇಡುತ್ತಾರೆ. ಅದಕ್ಕೆ ಬೇಕಾದ ಕೋಣೆ, ಕಾವಲು, ಪರವಾನಗಿ ಎಲ್ಲಾ ಇರುವ ಜಾಗಗಳು ಜಗತ್ತಿನಲ್ಲೇ ಕೆಲವು. ಭೀಮನಿಗೆ ಅದು ಸಿಗುವುದಿಲ್ಲ. ಸಿಗಬೇಕಿತ್ತು ಅಂತ ಹೊಟ್ಟೆಯುರಿಯುತ್ತದೆ.

ದ್ರವ ಸಾರಜನಕ, ಮೈನಸ್ 196 ಡಿಗ್ರಿ, ಹೆಪ್ಪುಗಟ್ಟಿಸಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು. ರೆಪ್ಪೆಯಲ್ಲಿ ಆ ಚಳಿ ಎಲ್ಲಿ ನಿಲ್ಲುತ್ತದೆ ಅಂತ ಹಿಡಿತ ಸಿಗುವುದಿಲ್ಲ. ಬೇಡ.

ಸಿಸ್‌ಪ್ಲಾಟಿನ್ ಇದೆ, ಕ್ಯಾನ್ಸರಿಗೆ ಕೊಡುವ ಮದ್ದು. ಎಳ್ಳೆಣ್ಣೆಯಲ್ಲಿ ಕದಡಿ ಗಂಟಿನೊಳಗೆ ಚುಚ್ಚುವುದು. ಎಣ್ಣೆ ಇರುವುದರಿಂದ ಮದ್ದು ರಕ್ತಕ್ಕೆ ಓಡಿಹೋಗದೆ ಅಲ್ಲೇ ನಿಲ್ಲುತ್ತದೆ. ಎರಡು ವಾರಕ್ಕೊಂದರಂತೆ ನಾಲ್ಕು ಸಲ. ಒಳ್ಳೆ ಮದ್ದು. ಆದರೆ ಚುಚ್ಚುವವರಿಗೂ ಹಿಡಿಯುವವರಿಗೂ ವಿಷ. ಕೈಗವಸು, ಕನ್ನಡಕ, ಬಸುರಿಯರು ಹತ್ತಿರ ಸುಳಿಯಬಾರದು. ತೊಡೆಯ ಗಂಟಿಗೆ ಇದೇ ಸರಿ ಅನ್ನಿಸುತ್ತದೆ.

ರೆಪ್ಪೆಗೆ ಬಿಸಿಜಿ. ಹೌದು, ಮಕ್ಕಳಿಗೆ ಕ್ಷಯದ ವಿರುದ್ಧ ಹಾಕುವ ಅದೇ ಲಸಿಕೆ. ಗಂಟಿನೊಳಗೆ ಚುಚ್ಚಿದರೆ ಮೈಯ ಕಾವಲು ಪಡೆ ಅಲ್ಲಿಗೆ ಧಾವಿಸಿ ಬರುತ್ತದೆ, ಗಂಟನ್ನೂ ಸೇರಿಸಿ ತಿಂದುಹಾಕುತ್ತದೆ. ಕಾಲಿನ ಮೇಲೆ ಇದರ ಆಟ ಅಷ್ಟು ನಡೆಯುವುದಿಲ್ಲ, ಕಣ್ಣಿನ ಸುತ್ತ ಚೆನ್ನಾಗಿ ನಡೆಯುತ್ತದೆ. ರೆಪ್ಪೆ ಊದುತ್ತದೆ, ಕೀವಾಗಬಹುದು, ಒಂದೆರಡು ದಿನ ಜ್ವರವೂ ಬರಬಹುದು. ಇದನ್ನೆಲ್ಲಾ ತಾತನಿಗೆ ಮೊದಲೇ ಹೇಳಿಡಬೇಕು. ಇಲ್ಲದಿದ್ದರೆ ಊದಿದ ಕಣ್ಣು ನೋಡಿ ಗಾಬರಿಯಾಗುತ್ತಾರೆ.

ಭಯ ಮೊದಲನೇ ಚುಚ್ಚಿನದ್ದಲ್ಲ. ಎರಡನೆಯದ್ದು. ಮೈಗೆ ಆಗ ಲಸಿಕೆಯ ಪರಿಚಯ ಇರುತ್ತದೆ, ಕೆಲವು ಕುದುರೆಗಳು ನಿಂತಲ್ಲೇ ಕುಸಿದುಬಿಡುತ್ತವೆ. ಮುಂಚೆಯೇ ನೋವು, ಊತ ತಗ್ಗಿಸುವ ಫ್ಲೂನಿಕ್ಸಿನ್, ಅಲರ್ಜಿಯ ಮದ್ದು ಎಲ್ಲಾ ಕೊಟ್ಟು, ಅಡ್ರಿನಲಿನ್ ಸಿರಿಂಜಿಗೆ ತುಂಬಿಟ್ಟುಕೊಂಡೇ ಶುರು ಮಾಡಬೇಕು.

ಇನ್ನೊಂದು ಯೋಚನೆ. ಕಣ್ಣು, ತೊಡೆ ಎರಡಕ್ಕೂ ಒಂದೇ ದಿನ ಕೈ ಹಾಕುವುದಾ? ಒಂದಕ್ಕೆ ಚಿಕಿತ್ಸೆ ಕೊಟ್ಟಾಗ ಇನ್ನೊಂದು ತಾನಾಗಿ ಕುಗ್ಗಿದ ಕುದುರೆಗಳನ್ನು ನೋಡಿದವರಿದ್ದಾರೆ. ಬಿಸಿಜಿ ಹಾಕಿ ತೊಡೆಯದ್ದನ್ನು ಸ್ವಲ್ಪ ದಿನ ಬರೀ ಅಳೆದು ನೋಡಿದರೆ, ಆ ವಿಷದ ಮದ್ದು ಬೇಕಾಗದೆಯೂ ಹೋಗಬಹುದು. ಆದರೆ ಅಷ್ಟರಲ್ಲಿ ಅದು ಬೆಳೆದುಬಿಟ್ಟರೆ, ಆಗ ತೆಗೆಯಬೇಕಾದ ಚರ್ಮವೂ ಜಾಸ್ತಿಯಾಗುತ್ತದೆ.